ಹೊಳೆಯ ಲೆಕ್ಕ ಸಿಂಪಿಯ ಹೊಟ್ಟೆಯಲ್ಲಿ

ಅಡಿಕೆ ತೋಟಕ್ಕೆ ಮದ್ದು ಬಿಡುವವರಿಗೆಲ್ಲ ಕತ್ತಿಯ ಪರೀಕ್ಷೆ ಗೊತ್ತು. ಮೈಲುತುತ್ತನ್ನೂ ಸುಣ್ಣವನ್ನೂ ಕೂಡಿಸಿ ಬೋರ್ಡೋ ದ್ರಾವಣ ಮಾಡಿಯಾದ ಮೇಲೆ, ತಿಕ್ಕಿ ಹೊಳಪು ಮಾಡಿದ ಕತ್ತಿಯೊಂದನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ಛಾಯೆ ಕಂಡರೆ ತಾಮ್ರವು ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದುತ್ತೇವೆ. ಕಣ್ಣಿಗೆ ಕಾಣದ ತಾಮ್ರವನ್ನು ಕತ್ತಿಯು ತೋರಿಸಿಕೊಡುತ್ತದೆ. ಇಂಥ ಕತ್ತಿಗಳು ಸಮುದ್ರದ ಬದಿಯಲ್ಲಿಯೂ ಇವೆ. ಅವಕ್ಕೆ ಜೀವವಿದೆ, ಮೈಮೇಲೆ ಚಿಪ್ಪಿದೆ, ಅಷ್ಟೇ ವ್ಯತ್ಯಾಸ. ಬಂಡೆಗೆ ಅಂಟಿಕೊಂಡಿರುವ ಸಿಂಪಿ, ಕಲ್ಲುಮ್ಮಕಾಯಿ, ಮರುವಾಯಿ ಮುಂತಾದವು ಹೊಳೆಯಲ್ಲಿ ಇಳಿದುಬರುವ ತಾಮ್ರ, ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ತಮ್ಮ ಮಾಂಸದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅವನ್ನು ತೆಗೆದು ಪರೀಕ್ಷಿಸಿದರೆ ಆ ನೀರಿನ ಗುಟ್ಟು ಹೊರಬೀಳುತ್ತದೆ. ಈ ಸಲದ ಬೇಸಾಯದ ಪುಟದಲ್ಲಿ ಸಮುದ್ರದ ಸಂಗತಿ ಏಕೆ ಎಂದು ವಾಚಕರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕು.

ಇದಕ್ಕೆಲ್ಲ ಕಾರಣ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ. ಅವನು ನಮ್ಮ ಹೊಳೆಯ ಅಳಿವೆಯಲ್ಲಿ ಕಲ್ಲುಮ್ಮಕಾಯಿ ಬೆಳೆಸುತ್ತಾನೆ. ನಮ್ಮ ಕಾಸರಗೋಡು ಜಿಲ್ಲೆಯ ತೆಂಕು ಭಾಗದ ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ 1990ರ ದಶಕದ ಕೊನೆಯಿಂದ ಈ ಬೆಳೆ ಹಬ್ಬಿದ್ದನ್ನೂ, ಹೆಂಗಸರ ಸಂಘಗಳು ಅದರಲ್ಲಿ ಕೈಹಾಕಿ ಗೆದ್ದದ್ದನ್ನೂ ಬಹಳ ಮಂದಿ ಬಲ್ಲರು. ಅಲ್ಲಿ ನೋಡಿ ಕಲಿತುಬಂದವನು ಇವನು. ಮಳೆಗಾಲ ಕಳೆದು ನೀರು ಉಪ್ಪಾದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಸಣ್ಣ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳ್ಳಗಿನ ಹತ್ತಿಬಟ್ಟೆಯಿಂದ ಸುತ್ತಿ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಬೀಳುವಷ್ಟರಲ್ಲಿ ಮರಿಗಳು ತಮ್ಮ ಮೈಯಿಂದ ಹೊರಡುವ ನೂಲುಗಳಿಂದ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮತ್ತೆ ಮಳೆ ಹಿಡಿದು ನೀರು ಸಪ್ಪೆಯಾದರೆ ಅವು ಸಾಯುತ್ತವೆ. ಆದುದರಿಂದ ಮೇ ತಿಂಗಳೊಳಗೆ ಕೊಯ್ಲು ಮುಗಿಸಬೇಕು. ಗೊಬ್ಬರವಿಲ್ಲ, ಮೇವಿಲ್ಲ, ನೀರಿನಲ್ಲಿ ತೇಲುವುದನ್ನೇ ಸೋಸಿ ತಿಂದು ಬೆಳೆಯುವ ಬೆಳೆ ಅದು.

ಆ ಹುಡುಗ (ಈಗ ಅವನಿಗೂ ಮಕ್ಕಳಿದ್ದಾರೆ, ನಮಗೆ ಮಾತ್ರ ಹುಡುಗನೇ) ಒಂದು ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಹೊರಡುವ ಮೊದಲು ಮೆಲ್ಲನೆ ಕೇಳಿದ: “ಮಾಷ್ಟ್ರೇ, ಬೇಸರ ಮಾಡಬೇಡಿ. ನಿಮ್ಮ ತೋಟಗಳ ಮದ್ದು ನಮ್ಮ ಹಗ್ಗಕ್ಕೆ ಬರ್ತದಾ?”

ಈ ಪ್ರಶ್ನೆಗೆ ಹಿನ್ನೆಲೆಯಿತ್ತು. ಅದರ ಹಿಂದಿನ ವರ್ಷ ಮೊದಲ ಮದ್ದು ಬಿಟ್ಟ ದಿನ, ಮಳೆ ಬರುವ ಅವಸರದಲ್ಲಿ, ನಾವೇ ಡ್ರಮ್ಮುಗಳನ್ನೂ ಪಂಪನ್ನೂ ತೋಡಿನ ಬದಿಯಲ್ಲಿ ತೊಳೆದೆವು. ಮರುದಿನ ಕೆಳಗಿನ ಗುಂಡಿಯಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೋಡಿದವರು ಶಾಲೆಯ ಮಕ್ಕಳು. ತರಗತಿಯಲ್ಲಿ ಒಬ್ಬಳು ಎದ್ದುನಿಂತು, ಮೀನು ಏಕೆ ಸತ್ತಿತು ಎಂದು ಕೇಳಿದಳು. ನಮಗೆ ಉತ್ತರ ಗೊತ್ತಿತ್ತು; ಆದರೆ ಅಂದು ಹೇಳಲಿಲ್ಲ. ತಾಮ್ರವು ಮನುಷ್ಯನಿಗಿಂತ ಮೀನಿಗೆ ಬಹಳ ಹೆಚ್ಚು ವಿಷ. ಅದು ಕಿವಿರನ್ನು ಕೆಡಿಸುತ್ತದೆ. ಮೇ ತಿಂಗಳ ಕೊನೆಯಲ್ಲಿ ತೋಡಿನಲ್ಲಿ ನೀರೂ ಕಡಮೆ. ಅಷ್ಟೇ ಸಾಕಾಯಿತು. ಸುದ್ದಿ ಹೇಗೋ ಅಳಿವೆಯವರೆಗೂ ಹೋಯಿತು. 2000ದ ಇಸವಿಯವರೆಗೂ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿಕೊಂಡ ಜಿಲ್ಲೆ ನಮ್ಮದು. ಇಲ್ಲಿ ‘ಮದ್ದು’ ಎಂಬ ಮಾತನ್ನು ಯಾರೂ ಹಗುರವಾಗಿ ಕೇಳುವುದಿಲ್ಲ.

ಮೊದಲು ನಮ್ಮ ತೋಟದ ಲೆಕ್ಕವನ್ನೇ ತೆಗೆದೆವು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇದು ಶೇಕಡಾ ಒಂದರ ದ್ರಾವಣ. ಮೈಲುತುತ್ತಿನಲ್ಲಿ ಹೆಚ್ಚುಕಡಮೆ ನಾಲ್ಕನೆಯ ಒಂದು ಪಾಲು ತಾಮ್ರ. ಉಳಿದದ್ದು ಗಂಧಕದ ಅಂಶ, ಹರಳಿನೊಳಗಿನ ನೀರು. ನಮಗೆ ಎರಡು ಸಲದ ಮದ್ದಿಗೆ ಒಟ್ಟು ಇನ್ನೂರು ಲೀಟರಿನ ಎಂಟು ಡ್ರಮ್ಮು ಬೇಕಾಗುತ್ತದೆ. ಅಂದರೆ 16 ಕಿಲೋ ಮೈಲುತುತ್ತು, 4 ಕಿಲೋ ತಾಮ್ರ. ನಮ್ಮ ತಂದೆಯವರ ಕಾಲವನ್ನೂ ಸೇರಿಸಿ ಐವತ್ತು ವರ್ಷ ಎಂದರೆ ಎರಡು ಕ್ವಿಂಟಲು ತಾಮ್ರ ಆ ಒಂದು ತೋಟಕ್ಕೆ ಬಿದ್ದಿದೆ. ಪಾತ್ರೆ ಮಾಡಿಸಿದ್ದರೆ ಊರಿಗೆಲ್ಲ ಹಂಡೆ ಕೊಡಬಹುದಿತ್ತು! ಹೊಳೆಯ ಎರಡು ದಡದಲ್ಲಿಯೂ ಇಂಥ ತೋಟಗಳೆಷ್ಟೋ ಇವೆ. ಇದರ ಬಹುಭಾಗ ತೋಟದ ಮಣ್ಣಿನಲ್ಲಿಯೇ ನಿಲ್ಲುತ್ತದೆ ಎಂಬುದು ಸಮಾಧಾನದ ಸಂಗತಿ. ಕೊಳೆತ ಸೊಪ್ಪಿನ ಅಂಶ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಆಟಿ ತಿಂಗಳ ಮಳೆಯಲ್ಲಿ ಮಣ್ಣೇ ಕೊಚ್ಚಿಹೋಗುವಾಗ ತಾಮ್ರವೂ ಅದರ ಜೊತೆಗೆ ಹೋಗದೆ ಇರುತ್ತದೆಯೆ? ಹೋಗುತ್ತದೆ. ಎಷ್ಟು ಎಂಬುದಷ್ಟೇ ಪ್ರಶ್ನೆ. ಎಂಡೋಸಲ್ಫಾನಿನಂಥ ವಿಷಗಳು ನಿಧಾನವಾಗಿಯಾದರೂ ಮುರಿದು ಬೇರೆಯಾಗುತ್ತವೆ. ಲೋಹವು ಲೋಹವಾಗಿಯೇ ಉಳಿಯುತ್ತದೆ. ಜಾಗ ಬದಲಿಸುತ್ತದೆ, ಅಷ್ಟೇ.

ಹಾಗಾದರೆ ಹೊಳೆಯ ನೀರನ್ನೇ ಶೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸಬಾರದೆ? ನಮಗೂ ಮೊದಲು ಹಾಗೆಯೇ ತೋರಿತು. ಆದರೆ ನೀರು ನಿಂತಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಉಬ್ಬರದಲ್ಲಿ ತುಂಬಿದ್ದು ಸಮುದ್ರದ ನೀರು, ಮಧ್ಯಾಹ್ನ ಇಳಿತದಲ್ಲಿ ತುಂಬಿದ್ದು ಹೊಳೆಯ ನೀರು. ಮಳೆ ಬಂದ ಮರುದಿನ ಒಂದು ಲೆಕ್ಕ, ವಾರದ ಮೇಲೆ ಇನ್ನೊಂದು. ಸಾಲದುದಕ್ಕೆ ನೀರಿನಲ್ಲಿ ಕರಗಿದ ಲೋಹ ಅತ್ಯಲ್ಪ. ಶೀಸೆಯ ಕೊಳೆಯೇ ಅದಕ್ಕಿಂತ ಹೆಚ್ಚಾಗಿ ಲೆಕ್ಕ ತಪ್ಪಿಸಬಹುದು. ಶಾಲೆಯ ಮಾತಿನಲ್ಲಿಯೇ ಹೇಳುವುದಾದರೆ, ಇನ್‌ಸ್ಪೆಕ್ಟರು ಬಂದ ದಿನ ಶಾಲೆ ಚೊಕ್ಕಟವಾಗಿರುತ್ತದೆ, ಮಕ್ಕಳೆಲ್ಲ ಹಾಜರಿರುತ್ತಾರೆ. ವರ್ಷದ ನಿಜಸ್ಥಿತಿ ಬೇಕಾದರೆ ಹಾಜರಿ ಪುಸ್ತಕ ತೆರೆಯಬೇಕು. ನೀರಿನ ಶೀಸೆ ಇನ್‌ಸ್ಪೆಕ್ಟರ ಒಂದು ದಿನದ ಭೇಟಿ; ಸಿಂಪಿ ಹಾಜರಿ ಪುಸ್ತಕ.

ಬೆರಳುದ್ದದ ಒಂದು ಕಲ್ಲುಮ್ಮಕಾಯಿ ಗಂಟೆಗೆ ಒಂದೆರಡು ಲೀಟರು ನೀರನ್ನು ಒಳಗೆಳೆದು, ಸೋಸಿ, ಹೊರಗೆ ಬಿಡುತ್ತದೆ. ಹಗಲೂ ಇರುಳೂ ಇದೇ ಕೆಲಸ. ಆಹಾರದ ಜೊತೆಗೆ ಬಂದ ಲೋಹ, ಕಿವಿರಿನ ಮೂಲಕ ನೀರಿನಿಂದ ಹೀರಿದ ಲೋಹ ಎರಡೂ ಮೈಯೊಳಗೆ ಸೇರುತ್ತವೆ. ಅದು ಈ ಲೋಹಗಳನ್ನು ಒಂದು ಬಗೆಯ ಪ್ರೋಟೀನಿಗೆ ಕಟ್ಟಿಹಾಕಿಯೋ, ಸಣ್ಣ ಕಾಳುಗಳಾಗಿ ಮಾಡಿಯೋ ಒಂದು ಮೂಲೆಯಲ್ಲಿಟ್ಟು ತಾನು ಬದುಕಿಕೊಳ್ಳುತ್ತದೆ. ಹೀಗಾಗಿ ಮಾಂಸದಲ್ಲಿನ ಲೋಹ ಸುತ್ತಲಿನ ನೀರಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚಾಗಬಹುದು. ಒಳ್ಳೆಯ ಸಾಕ್ಷಿಯ ಗುಣಗಳೆಲ್ಲ ಇದರಲ್ಲಿವೆ. ಊರು ಬಿಟ್ಟು ಓಡುವುದಿಲ್ಲ, ಕೆಲವು ವರ್ಷ ಬದುಕುತ್ತದೆ, ಎಲ್ಲ ಕರಾವಳಿಯಲ್ಲಿಯೂ ಸಿಗುತ್ತದೆ, ಸುಲಭವಾಗಿ ಸಾಯುವುದಿಲ್ಲ. ಸತ್ತ ಸಾಕ್ಷಿಯಿಂದ ಪ್ರಯೋಜನವೇನು? ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿ 1975ರಲ್ಲಿ, ಲೋಕದ ಎಲ್ಲ ಕರಾವಳಿಗಳಲ್ಲಿಯೂ ಈ ಚಿಪ್ಪುಜೀವಿಗಳನ್ನೇ ಕಾವಲಿಗಿಡೋಣ ಎಂದು ಸೂಚಿಸಿದನು. ‘ಮಸಲ್ ವಾಚ್’, ಅಂದರೆ ಕಲ್ಲುಮ್ಮಕಾಯಿಯ ಕಾವಲು, ಎಂದು ಅದಕ್ಕೆ ಹೆಸರಾಯಿತು. ಆ ಹೆಸರಿನ ಸರಕಾರಿ ಯೋಜನೆ ಅಮೆರಿಕದಲ್ಲಿ 1986ರಿಂದ ನಡೆದುಬಂದಿದೆ.

ಇನ್ನು ನಾವು ವಿಸ್ತಾರವಾಗಿ ಹೇಳಬೇಕೆಂದಿರುವ ಕಥೆ ಫ್ರಾನ್ಸಿನದು. ಅದೂ ಬೋರ್ಡೋ ಊರಿನ ಕಡೆಯದು. ದಿನಾ ಬಾಯಲ್ಲಿರುವ ಈ ಹೆಸರು ಒಂದು ಊರಿನದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೋ! ಅಲ್ಲಿನ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತು ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ಬೂಜುರೋಗ ಬಾರದಿರುವುದನ್ನು ಕಂಡು ಪ್ರೊಫೆಸರ್ ಮಿಲಾರ್ಡೆ 1885ರಲ್ಲಿ ಈ ಮದ್ದನ್ನು ಲೋಕಕ್ಕೆ ತಿಳಿಸಿದನು. 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಮದ್ದೆಂದು ತೋರಿಸಿಕೊಟ್ಟರು. ಹಾಗೆ ನಮ್ಮ ತೋಟಗಳಿಗೂ ಬಂತು.

ಬೋರ್ಡೋ ಊರು ಗಾರೋನ್ ಎಂಬ ಹೊಳೆಯ ದಡದಲ್ಲಿದೆ. ಆ ಹೊಳೆ ಊರು ದಾಟಿದ ಮೇಲೆ ದೋರ್ದೋನ್ ಎಂಬ ಇನ್ನೊಂದು ಹೊಳೆಯನ್ನು ಕೂಡಿ ಗಿರೋಂದ್ ಎಂಬ ಮಹಾ ಅಳಿವೆಯಾಗಿ ಅಟ್ಲಾಂಟಿಕ್ ಸಮುದ್ರವನ್ನು ಸೇರುತ್ತದೆ. ಈ ಅಳಿವೆಯಲ್ಲಿ ಸಿಂಪಿ ಬಂದದ್ದೂ ಒಂದು ತಮಾಷೆಯ ಸಂಗತಿ. 1868ರಲ್ಲಿ ಪೋರ್ತುಗಲ್ಲಿನಿಂದ ಸಿಂಪಿ ಹೇರಿಕೊಂಡು ಬಂದ ಹಡಗೊಂದು ಬಿರುಗಾಳಿಗೆ ಸಿಕ್ಕಿ ಇಲ್ಲಿ ತಂಗಬೇಕಾಯಿತು. ಸರಕು ಹಾಳಾಯಿತೆಂದು ನಾವಿಕರು ನೀರಿಗೆ ಸುರಿದರು. ಹಾಳಾಗದೆ ಉಳಿದವು ಬೇರೂರಿ ಸಂತಾನ ಬೆಳೆಸಿದವು! ಅಳಿವೆಯ ಬಾಯಿಯಿಂದ ಉತ್ತರಕ್ಕೆ ಹೋದರೆ ಮಾರೆನ್ ಓಲೆರೋನ್ ಎಂಬ ಹೆಸರುವಾಸಿ ಸಿಂಪಿ ಬೇಸಾಯದ ಪ್ರದೇಶವಿದೆ. ಅಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ.

ಫ್ರೆಂಚ್ ಸರಕಾರ 1974ರಲ್ಲಿ ತನ್ನ ಕರಾವಳಿಯ ಕಾವಲಿಗೆ ಒಂದು ವ್ಯವಸ್ಥೆ ಹೂಡಿತು. 1979ರಿಂದ ಸಿಂಪಿ, ಕಲ್ಲುಮ್ಮಕಾಯಿಗಳನ್ನು ಕ್ರಮವಾಗಿ ತೆಗೆದು ಲೋಹದ ಪರೀಕ್ಷೆ ನಡೆಸತೊಡಗಿದರು. ಗಿರೋಂದಿನ ಸಿಂಪಿಗಳಲ್ಲಿ ಕ್ಯಾಡ್ಮಿಯಂ ಬೇರೆ ಕಡೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಂಡಿತು. ಆ ಅಳಿವೆಯ ದಡದಲ್ಲಿ ಅಷ್ಟೊಂದು ಕ್ಯಾಡ್ಮಿಯಂ ಬಿಡುವಂಥ ಕಾರ್ಖಾನೆ ಕಾಣಲಿಲ್ಲ. ಹುಡುಕುತ್ತ ಹೊಳೆಯ ಮೇಲಕ್ಕೆ ಹೋದರು. ಗಾರೋನಿಗೆ ಲೋತ್ ಎಂಬ ಉಪನದಿ. ಆ ಲೋತಿಗೆ ಮೇಲೆಲ್ಲೋ ಸೇರುವ ಒಂದು ಸಣ್ಣ ತೊರೆ. ಅದರ ಹೆಸರು ರಿಯು ಮೋರ್, ಆ ಸೀಮೆಯ ಮಾತಿನಲ್ಲಿ ‘ಸತ್ತ ತೊರೆ’ ಎಂದರ್ಥ. ಆ ತೊರೆಯ ಬದಿಯಲ್ಲಿ, ದೆಕಾಜ್‌ವೀಲ್ ಎಂಬ ಗಣಿಯ ಊರಿನ ಹತ್ತಿರ, ಹತ್ತೊಂಬತ್ತನೆಯ ಶತಮಾನದಿಂದ ಸತುವಿನ ಅದಿರು ಕಾಯಿಸುವ ಕೆಲಸ ನಡೆದಿತ್ತು. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಕೂಡಿಕೊಂಡೇ ಇರುತ್ತದೆ. ಸತು ತೆಗೆದು ಉಳಿದ ಕಸವನ್ನು ರಾಶಿ ಹಾಕಿದ್ದರು. ಮಳೆ ಬಂದಾಗಲೆಲ್ಲ ಆ ರಾಶಿಗಳು ತೊಳೆದು ತೊರೆಗೆ ಇಳಿಯುತ್ತಿದ್ದವು. ಅಲ್ಲಿಂದ ಅಳಿವೆಗೆ 350 ಕಿಲೋಮೀಟರಿಗೂ ಹೆಚ್ಚು ದೂರ. ಅಂದರೆ ನಮ್ಮ ಕಾಸರಗೋಡಿನಿಂದ ಬೆಂಗಳೂರಿಗೆ ಹೋಗುವಷ್ಟು! ಅಷ್ಟು ದೂರದ ಕಸದ ರಾಶಿಯ ಸುದ್ದಿಯನ್ನು ಹೇಳಿದ್ದು ಸಮುದ್ರದ ಬದಿಯ ಒಂದು ಸಿಂಪಿ.

ಮಧ್ಯದ ಊರುಗಳಲ್ಲಿ ಏಕೆ ಅದು ಎದ್ದು ಕಾಣಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಇದರ ಉತ್ತರವನ್ನು ಓದಿದಾಗ ನಮಗೆ ಬಹಳ ಆಶ್ಚರ್ಯವಾಯಿತು. ಸಿಹಿನೀರಿನಲ್ಲಿ ಕ್ಯಾಡ್ಮಿಯಂ ಬಹಳ ಮಟ್ಟಿಗೆ ಮಣ್ಣಿನ ಕಣಗಳಿಗೆ ಅಂಟಿಕೊಂಡು ಪ್ರಯಾಣ ಮಾಡುತ್ತದೆ. ಅಳಿವೆಗೆ ಬಂದು ಉಪ್ಪುನೀರು ತಾಗಿದ ಕೂಡಲೆ, ಉಪ್ಪಿನಲ್ಲಿರುವ ಕ್ಲೋರೈಡು ಅದನ್ನು ಕಣದಿಂದ ಬಿಡಿಸಿ ತನ್ನೊಡನೆ ಕರಗಿಸಿಕೊಳ್ಳುತ್ತದೆ. ಕರಗಿದ್ದನ್ನು ಸಿಂಪಿ ಹೀರುತ್ತದೆ. ಮೇಲಿನ ಊರಿನವರಿಗೆ ಬರಿಯ ಕೆಸರಾಗಿ ಕಂಡದ್ದು ಕೆಳಗಿನ ಊರಿನವರಿಗೆ ವಿಷವಾಗಿ ಮುಟ್ಟುತ್ತದೆ.

1986ರಲ್ಲಿ ಆ ಕಾರ್ಖಾನೆಯ ಸ್ಥಳದಲ್ಲಿ ಅಪಘಾತವಾಗಿ ಒಮ್ಮೆಗೇ ಬಹಳಷ್ಟು ಕ್ಯಾಡ್ಮಿಯಂ ಹೊಳೆಗೆ ಬಿತ್ತು. 1987ರಲ್ಲಿ ಅದಿರು ಕಾಯಿಸುವುದನ್ನು ನಿಲ್ಲಿಸಿದರು. ಮುಂದೆ ಕಸದ ರಾಶಿಗಳಿಗೆ ರಕ್ಷಣೆ ಮಾಡಿ, ಬಸಿದು ಬರುವ ನೀರನ್ನು ಶುದ್ಧಿ ಮಾಡತೊಡಗಿದರು. ಸಿಂಪಿಯಲ್ಲಿನ ಲೋಹ ವರ್ಷ ವರ್ಷಕ್ಕೆ ಇಳಿಯುತ್ತ ಬಂತು. ಆದರೆ ಬೇಗ ಅಲ್ಲ. ಲೋತ್ ನದಿಗೆ ಅಡ್ಡಕಟ್ಟುಗಳು ಬಹಳ. ಅವುಗಳ ಹಿಂದಿನ ಹೂಳಿನಲ್ಲಿ ಹಳೆಯ ಕ್ಯಾಡ್ಮಿಯಂ ಕೂತಿತ್ತು. ದೊಡ್ಡ ನೆರೆ ಬಂದಾಗ ಹೂಳು ಕದಡಿ ಮತ್ತೆ ಹೊರಡುತ್ತಿತ್ತು. ಕೊನೆಗೆ 1996ರಲ್ಲಿ ಗಿರೋಂದಿನ ಸಿಂಪಿಯನ್ನು ಹಿಡಿದು ಮಾರುವುದನ್ನೇ ನಿಷೇಧಿಸಬೇಕಾಯಿತು. ಕಾರ್ಖಾನೆಯ ಬೆಂಕಿ ಆರಿ ಒಂಬತ್ತು ವರ್ಷಗಳಾದ ಮೇಲೆ! ದಂಡ ತೆತ್ತವರು ಸತುವನ್ನು ಕಣ್ಣಿಂದಲೂ ಕಂಡಿರದ ಅಳಿವೆಯ ಜನ.

ಕ್ಯಾಡ್ಮಿಯಂ ತಿಂದರೆ ಆಗುವುದೇನು? ಅದು ಮೂತ್ರಪಿಂಡದಲ್ಲಿ ಕೂಡಿ ಹತ್ತಾರು ವರ್ಷ ಅಲ್ಲೇ ಇರುತ್ತದೆ. ಮೂತ್ರಪಿಂಡ ಕೆಟ್ಟರೆ ಎಲುಬು ಮೆತ್ತಗಾಗುತ್ತದೆ. ಜಪಾನಿನ ಜಿಂಜು ಹೊಳೆಯ ಬಯಲಿನಲ್ಲಿ ಗಣಿಯ ನೀರು ಗದ್ದೆಗೆ ಹಾಯ್ದು, ಆ ಅಕ್ಕಿ ಉಂಡ ರೈತ ಹೆಂಗಸರ ಎಲುಬುಗಳು ಸುಮ್ಮನೆ ಮುರಿಯತೊಡಗಿದ್ದವು. ನೋವಿಗೆ ಅವರು ಕೂಗುತ್ತಿದ್ದ ‘ಇತಾಯ್ ಇತಾಯ್’ ಎಂಬುದೇ ಆ ರೋಗದ ಹೆಸರಾಯಿತು. 1968ರಲ್ಲಿ ಅಲ್ಲಿನ ಸರಕಾರ ಅದಕ್ಕೆ ಕಾರಣ ಕ್ಯಾಡ್ಮಿಯಂ ಎಂದು ಒಪ್ಪಿತು. ಈಗ ಯುರೋಪಿನ ದೇಶಗಳಲ್ಲಿ ಚಿಪ್ಪುಜೀವಿಗಳ ಹಸಿಮಾಂಸದಲ್ಲಿ ಕಿಲೋಗೆ 1 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಡ್ಮಿಯಂ ಇದ್ದರೆ ಮಾರುವಂತಿಲ್ಲ. ರೈತರಾದ ನಾವು ನೆನಪಿಡಬೇಕಾದ ಮಾತೊಂದಿದೆ. ರಂಜಕದ ಗೊಬ್ಬರ ಮಾಡುವ ಕಲ್ಲಿನಲ್ಲಿಯೂ ಕ್ಯಾಡ್ಮಿಯಂ ಇರುತ್ತದೆ. ಕೆಲವು ದೇಶದ ಕಲ್ಲಿನಲ್ಲಿ ಹೆಚ್ಚು, ಕೆಲವದರಲ್ಲಿ ಕಡಮೆ. ಯುರೋಪಿನವರು 2022ರಿಂದ ಅದಕ್ಕೂ ಮಿತಿ ಹಾಕಿದ್ದಾರೆ.

ಪಾದರಸದ ಕಥೆ ಇನ್ನೂ ಘೋರ. ಜಪಾನಿನ ಮಿನಮಾಟ ಕೊಲ್ಲಿಗೆ ರಾಸಾಯನಿಕ ಕಾರ್ಖಾನೆಯೊಂದು ಬಿಟ್ಟ ಪಾದರಸ ಮೀನು, ಚಿಪ್ಪುಗಳಲ್ಲಿ ಸೇರಿ, ತಿಂದ ಬೆಕ್ಕುಗಳು ಮೊದಲು ಹುಚ್ಚು ಕುಣಿತ ಕುಣಿದು ಸತ್ತವು. ಮನುಷ್ಯರ ರೋಗ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಹುಟ್ಟಿದ ಕೂಸುಗಳ ಅವಸ್ಥೆಯನ್ನು ಇಲ್ಲಿ ಬರೆಯಲಾರೆವು. ನಮ್ಮ ಕನ್ನಡ ಕರಾವಳಿಯಲ್ಲಿಯೇ, ಕಾರವಾರದ ಬಳಿ, ಕಾಸ್ಟಿಕ್ ಸೋಡಾ ಕಾರ್ಖಾನೆಯ ಸಮೀಪದ ಸಮುದ್ರದಲ್ಲಿ ಪಾದರಸ ಎಷ್ಟಿದೆಯೆಂದು ನಮ್ಮ ವಿಜ್ಞಾನಿಗಳು ಅಳೆದು 1990ರಲ್ಲಿ ಪ್ರಕಟಿಸಿದ್ದರು. ಅನಂತರದ ವರ್ಷಗಳಲ್ಲಿ ಭಾರತದ ಇಂಥ ಕಾರ್ಖಾನೆಗಳು ಪಾದರಸದ ಹಳೆಯ ವಿಧಾನವನ್ನು ಬಿಟ್ಟು ಬೇರೆ ವಿಧಾನಕ್ಕೆ ತಿರುಗಿದವು.

ಈಗ ನಮ್ಮ ತಾಮ್ರಕ್ಕೆ ಬರೋಣ. ಇಲ್ಲಿ ಒಂದು ತೊಡಕಿದೆ. ತಾಮ್ರ ಪೂರ್ತಿ ಶತ್ರುವಲ್ಲ. ನಮ್ಮ ರಕ್ತಕ್ಕೆ ಕಬ್ಬಿಣವಿದ್ದಂತೆ ಏಡಿಯ ರಕ್ತಕ್ಕೆ ತಾಮ್ರವೇ ಬೇಕು. ಎಲ್ಲ ಜೀವಿಗಳಿಗೂ ಚೂರು ಬೇಕು. ಆದುದರಿಂದ ಕೆಲವು ಜೀವಿಗಳು ಬೇಕಾದಷ್ಟನ್ನು ಇಟ್ಟುಕೊಂಡು ಹೆಚ್ಚಿನದನ್ನು ಹೊರಹಾಕುವ ವಿದ್ಯೆ ಕಲಿತಿವೆ. ಕಲ್ಲುಮ್ಮಕಾಯಿ ಅಂಥದು. ಸೀಸ, ಕ್ಯಾಡ್ಮಿಯಂ, ಪಾದರಸಗಳ ಮಟ್ಟಿಗೆ ಅದು ಸತ್ಯ ಹೇಳುತ್ತದೆ. ತಾಮ್ರ, ಸತುಗಳ ಮಟ್ಟಿಗೆ ಅದರ ಸಾಕ್ಷ್ಯವನ್ನು ಪೂರಾ ನಂಬುವಂತಿಲ್ಲ. ನೀರಿನಲ್ಲಿ ತಾಮ್ರ ಹೆಚ್ಚಿದ್ದರೂ ಮಾಂಸದಲ್ಲಿ ಅಷ್ಟು ಏರದೆ ಇರಬಹುದು. ಸಿಂಪಿಯ ಸ್ವಭಾವ ಬೇರೆ. ಮಲೆಯಾಳದವರು ‘ಮುರು’ ಎನ್ನುವ, ಬಂಡೆಗೂ ಸಂಕದ ಕಂಬಕ್ಕೂ ಅಂಟಿಕೊಂಡಿರುವ ಈ ಒರಟು ಚಿಪ್ಪಿನ ಪ್ರಾಣಿ ತಾಮ್ರವನ್ನೂ ಸತುವನ್ನೂ ರಕ್ತಕಣಗಳಲ್ಲಿ ತುಂಬಿಸುತ್ತಲೇ ಹೋಗುತ್ತದೆ. ಹೆಚ್ಚಾದರೆ ಮಾಂಸವೇ ಹಸುರಾಗುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತಾಮ್ರದ ಗಣಿಗಳ ಕೆಳಗಿನ ಫಾಲ್ ಅಳಿವೆಯಲ್ಲಿ ಇಂಥ ಹಸುರು ಸಿಂಪಿಗಳು ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತಿದ್ದವು. 1986ರಲ್ಲಿ ತೈವಾನಿನ ಕರಾವಳಿಯಲ್ಲಿ, ಗುಜರಿ ಲೋಹ ಕರಗಿಸುವವರ ಕೊಳೆನೀರು ಇಳಿದಲ್ಲಿ, ಸಾಕಿದ ಸಿಂಪಿಗಳು ಹಸುರಾಗಿ ಬೆಳೆಗಾರರು ಕಂಗೆಟ್ಟರು.

ಹಾಗೆಂದು ಹಸುರು ಕಂಡಲ್ಲೆಲ್ಲ ತಾಮ್ರ ಎಂದುಕೊಂಡೀರಿ! ಮೇಲೆ ಹೇಳಿದ ಮಾರೆನ್ ಪ್ರದೇಶದಲ್ಲಿ ಹಸುರು ಸಿಂಪಿಗೇ ಬೆಲೆ ಹೆಚ್ಚು. ಅಲ್ಲಿನ ಕೊಳಗಳಲ್ಲಿ ಬೆಳೆಯುವ ಒಂದು ಸೂಕ್ಷ್ಮ ಪಾಚಿಯ ನೀಲಿ ಬಣ್ಣ ಕಿವಿರಿಗೆ ಹತ್ತಿ ಹಾಗಾಗುವುದು. ಲೋಹಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ್ಣಳತೆಯಲ್ಲಿ ನ್ಯಾಯ ಹೇಳಬಾರದು, ಪ್ರಯೋಗಶಾಲೆಗೆ ಹೋಗಲೇಬೇಕು. ಬಂಡೆಯ ಮೇಲೆ ಕಾಲು ಕೊಯ್ಯುವ ಬಿಳಿಯ ಮೊನಚು ಚಿಪ್ಪಿನ ಸಣ್ಣ ಪ್ರಾಣಿಗಳಿವೆಯಲ್ಲ, ಅವು ಸತುವಿಗೆ ಒಳ್ಳೆಯ ಸಾಕ್ಷಿ. ಓಡಾಡುವ ಮೀನು ಸ್ಥಳದ ಸಾಕ್ಷಿಗೆ ಬಾರದು. ಆದರೆ ಸಣ್ಣದನ್ನು ದೊಡ್ಡದು ತಿನ್ನುತ್ತ ಹೋದಂತೆ ಪಾದರಸ ಏರುತ್ತದೆಯಾದ್ದರಿಂದ ಸೊರ, ಕೇದರದಂಥ ದೊಡ್ಡ ಮೀನುಗಳಲ್ಲಿ ಅದನ್ನು ನೋಡುವುದುಂಟು.

ಪರೀಕ್ಷೆಗೆ ತೆಗೆಯುವಲ್ಲಿ ಬಹಳ ಎಚ್ಚರ ಬೇಕು. ಎರಡು ಜಾಗಗಳನ್ನು ಹೋಲಿಸುವಾಗ ಒಂದೇ ಜಾತಿ, ಒಂದೇ ಗಾತ್ರ, ಒಂದೇ ತಿಂಗಳು ಇರಬೇಕು. ಬೀಜ ತುಂಬಿಕೊಂಡ ಕಾಲದಲ್ಲಿ ಮಾಂಸದ ತೂಕ ಹೆಚ್ಚಾಗಿ ಲೋಹ ಕಡಮೆಯಾದಂತೆ ಕಾಣುತ್ತದೆ. ಬೀಜ ಬಿಟ್ಟು ಬಡಕಲಾದಾಗ ಹೆಚ್ಚಾದಂತೆ. ನಮ್ಮ ದನಗಳ ತೂಕದ ಹಾಗೆ ಎನ್ನಿ. ಒಂದೆರಡು ಸಾಲದು, ಒಂದೊಂದು ಜಾಗದಿಂದ ಇಪ್ಪತ್ತಾದರೂ ಬೇಕು. ಹೊಟ್ಟೆಯಲ್ಲಿರುವ ಕೆಸರು ಹೋಗಲೆಂದು ಶುದ್ಧ ಸಮುದ್ರದ ನೀರಿನಲ್ಲಿ ಒಂದು ದಿನ ಇಡುತ್ತಾರೆ. ಆಮೇಲೆ ಮಾಂಸ ಬಿಡಿಸಿ, ಒಣಗಿಸಿ, ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಡುತ್ತಾರೆ. ಒಂದೊಂದು ಲೋಹದ ಆವಿಯೂ ತನಗೆ ಮೀಸಲಾದ ಬೆಳಕನ್ನೇ ಹೀರುತ್ತದೆ. ಎಷ್ಟು ಬೆಳಕು ಕುಂದಿತೋ ಅಷ್ಟು ಲೋಹ. ಆಸ್ಟ್ರೇಲಿಯದ ಅಲನ್ ವಾಲ್ಶ್ ಎಂಬವರು 1955ರಲ್ಲಿ ಪ್ರಕಟಿಸಿದ ಉಪಾಯವಿದು. ಸಿಂಪಿಯೇ ಇಲ್ಲದ ಜಾಗವಾದರೆ ಶುದ್ಧ ನೀರಿನಲ್ಲಿ ಬೆಳೆದವನ್ನು ಬಲೆಚೀಲದಲ್ಲಿ ಹಾಕಿ ಕೆಲವು ವಾರ ತೂಗುಬಿಟ್ಟು ಆಮೇಲೆ ಅಳೆಯುವ ಕ್ರಮವೂ ಉಂಟು.

ಇಷ್ಟನ್ನು ಓದಿಕೊಂಡು ಹುಡುಗನಿಗೆ ಉತ್ತರ ಹೇಳಿದೆವು. ನಾವು ಮದ್ದು ಬಿಡುವುದು ಮೇ ಕೊನೆಯಲ್ಲಿ ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನ ಕಳೆದು ಒಮ್ಮೆ. ಅಷ್ಟರಲ್ಲಿ ಅವನ ಹಗ್ಗಗಳು ಮೇಲಕ್ಕೆ ಬಂದಿರುತ್ತವೆ. ನೇರವಾಗಿ ಮದ್ದಿನ ನೀರು ಹಗ್ಗಕ್ಕೆ ತಾಗುವ ಸಂಭವ ಕಡಮೆ. ಆದರೆ ಮಳೆಗಾಲದ ಕೆಸರು ಅಳಿವೆಯ ತಳದಲ್ಲಿ ಕೂತಿರುತ್ತದೆ, ಡಿಸೆಂಬರಿನಲ್ಲಿ ಹಗ್ಗ ಇಳಿಯುವುದು ಅದರ ಮೇಲೆಯೇ. ಅದರಲ್ಲಿ ಏನಿದೆ ಎಂದು ಅವನ ಕಲ್ಲುಮ್ಮಕಾಯಿ ತಾಮ್ರದ ಮಟ್ಟಿಗೆ ಸರಿಯಾಗಿ ಹೇಳಲಾರದು. ಸಂಕದ ಕಂಬದ ಮುರು ಹೇಳೀತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಹೆಚ್ಚು ಇದೆ ಅಂತ ಬಂದರೆ ಮಾಷ್ಟ್ರೇ, ನನ್ನ ಮಾಲು ಯಾರು ತೆಗೊಳ್ತಾರೆ?”

ಈ ಮಾತಿನಲ್ಲಿ ಹುರುಳಿದೆ. ಗಿರೋಂದಿನಲ್ಲಿಯೂ ಆದದ್ದು ಅದೇ ಅಲ್ಲವೆ? ಸುದ್ದಿ ತಂದವನ ಬಾಗಿಲನ್ನೇ ಮುಚ್ಚಿಸಿದರು. ಆದುದರಿಂದ ಪರೀಕ್ಷೆಯ ಖರ್ಚನ್ನು ಅವನೊಬ್ಬನ ತಲೆಗೆ ಕಟ್ಟಕೂಡದು, ಮೇಲಿನ ತೋಟದವರು ಸೇರಿ ಕೊಡಬೇಕು, ಉತ್ತರವನ್ನೂ ಸೇರಿಯೇ ಕೇಳಬೇಕು ಎಂದು ನಮಗನಿಸಿತು. ಹೊಳೆಕರೆಯ ನಾಲ್ಕು ಮನೆಗಳಲ್ಲಿ ಮಾತಾಡಿದೆವು. ಇಬ್ಬರು ಒಪ್ಪಿದರು. ಒಬ್ಬರು, “ಕೊಳೆರೋಗ ಬಂದರೆ ಸಿಂಪಿ ಬಂದು ಅಡಿಕೆ ಕೊಡ್ತದಾ?” ಎಂದರು. ಅವರ ಮಾತೂ ಸುಳ್ಳಲ್ಲ. ಮದ್ದು ಬಿಡದೆ ಒಂದು ವರ್ಷ ಹೋದರೆ ಏನಾಗುತ್ತದೆಂದು ನಾವೂ ಕಂಡವರೇ. ಮದ್ದು ನಿಲ್ಲಿಸಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಮಾಡಿದ ದ್ರಾವಣ ಉಳಿಯದಂತೆ ಲೆಕ್ಕವಿಟ್ಟು ಮಾಡುವುದು, ಮಳೆ ಮೋಡ ಕವಿದಾಗ ಬಿಡದಿರುವುದು, ಡ್ರಮ್ಮು ಪಂಪುಗಳನ್ನು ತೋಡಿನಲ್ಲಿ ತೊಳೆಯದಿರುವುದು, ಇಷ್ಟು ಮಾಡಿದರೆ ಅಡಿಕೆಗೇನೂ ನಷ್ಟವಿಲ್ಲ. ನಮ್ಮ ತೋಟದ ಮೇಲಿನ ಬದಿಯಲ್ಲಿ, ತೋಡಿನಿಂದ ದೂರ, ಒಂದು ಗುಂಡಿ ತೋಡಿ ಸುಣ್ಣ ಹಾಕಿದ್ದೇವೆ. ತೊಳೆದ ನೀರೆಲ್ಲ ಈಗ ಅದಕ್ಕೆ. ಆ ಸುಣ್ಣ ಅಳಿವೆಯ ಚಿಪ್ಪು ಸುಟ್ಟು ಮಾಡಿದ್ದೇ! ಮೀನು ಏಕೆ ಸತ್ತಿತೆಂದು ಕೇಳಿದ ಹುಡುಗಿಗೆ ಗುಂಡಿಯನ್ನು ತೋರಿಸಿ ಉತ್ತರ ಹೇಳಿಯಾಯಿತು. ಅವಳು, “ಹಾಗಾದರೆ ಮೊದಲೇ ತೋಡಬಹುದಿತ್ತಲ್ಲ ಸಾರ್” ಎಂದಳು.

ಮಕರ ಸಂಕ್ರಮಣ ಕಳೆದು ಬರುವ ಅಮಾವಾಸ್ಯೆಯ ಹೊತ್ತಿಗೆ ಇಳಿತ ಚೆನ್ನಾಗಿರುತ್ತದೆ. ಅಂದು ಸಂಕದ ಕಂಬಗಳಿಂದ ಇಪ್ಪತ್ತು ಮುರು, ಹೊಳೆಯ ನೀರು ತಾಗದ ಬಡಗಣ ಬಂಡೆಯಿಂದ ಅದೇ ಗಾತ್ರದ ಇಪ್ಪತ್ತು ಮುರು ತೆಗೆಯುವುದೆಂದು ಗೊತ್ತು ಮಾಡಿದ್ದೇವೆ. ದೋಣಿ ಹುಡುಗನದು. ಒಪ್ಪದಿದ್ದ ತೋಟದವರೂ ನೋಡಲು ಬರುತ್ತೇನೆ ಎಂದಿದ್ದಾರೆ.